ಕಿಡ್ನಿ ರೋಗಿ ಉಸಿರಾಡುವ ಗಾಳಿ

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆ ಕಿಡ್ನಿ ಕಾಯಿಲೆಯವರ ಮನೆಗೆ ಹೋದರೆ ಮಾತೆಲ್ಲ ನೀರು, ಉಪ್ಪು, ಕ್ರಿಯಾಟಿನಿನ್ ಸುತ್ತಲೇ ಇರುತ್ತದೆ. ದಿನಕ್ಕೆ ಎಷ್ಟು ಲೋಟ ನೀರು ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದೇ, ಬೋರ್‌ವೆಲ್ ನೀರಿನಿಂದಲೇ ಹೀಗಾಯಿತೇ? ಕೇಳಲೇಬೇಕಾದ ಪ್ರಶ್ನೆಗಳಿವು. ಆದರೆ ಉಸಿರಾಡುವ ಗಾಳಿಯ ಮಾತನ್ನು ರೋಗಿ ಎತ್ತುವುದಿಲ್ಲ, ಡಾಕ್ಟರು ಕೇಳುವುದೂ ಅಪರೂಪ.

ಗಾಳಿ ಹೋಗುವುದು ಶ್ವಾಸಕೋಶಕ್ಕೆ, ಕಿಡ್ನಿಗೇನು ಸಂಬಂಧ ಅನ್ನಿಸಬಹುದು. ನಂಟು ಇರುವುದು ರಕ್ತದಲ್ಲಿ. ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಪಾಲು ಕಿಡ್ನಿಗಳಿಗೇ ಹೋಗುತ್ತದೆ. ಒಂದೊಂದು ಕಿಡ್ನಿಯಲ್ಲೂ 10 ಲಕ್ಷದಷ್ಟು ಸೋಸುವ ಘಟಕಗಳಿವೆ. ಪ್ರತಿ ಘಟಕದಲ್ಲೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಗೊಂಚಲಿದೆ. ಹೊಗೆಯಲ್ಲಿರುವ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕಿಳಿದು ಉರಿಯೂತ ಎಬ್ಬಿಸುತ್ತವೆ, ಅತಿ ಸೂಕ್ಷ್ಮ ಕಣಗಳು ರಕ್ತಕ್ಕೂ ಸೇರುತ್ತವೆ. ನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಏರಿದ ಬಿಪಿಯ ಪೆಟ್ಟು ಮೊದಲು ಬೀಳುವ ಜಾಗಗಳಲ್ಲಿ ಆ ಗೊಂಚಲುಗಳೂ ಸೇರಿವೆ. ಅಮೆರಿಕದ ಸುಮಾರು 25 ಲಕ್ಷ ಮಾಜಿ ಸೈನಿಕರನ್ನು ಎಂಟು ವರ್ಷಕ್ಕೂ ಮೀರಿ ಗಮನಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಈ ಕಣಗಳು ಹೆಚ್ಚಿದ್ದ ಕಡೆಗಳಲ್ಲಿ ಹೊಸದಾಗಿ ಕಿಡ್ನಿ ಕಾಯಿಲೆ ಬಂದವರೂ ಹೆಚ್ಚು, ಕಿಡ್ನಿ ಪೂರ್ತಿ ಕೈಕೊಟ್ಟವರೂ ಹೆಚ್ಚು.

ಈ ಸೀಮೆಗೆ ದೂಳು ಹೊಸದಲ್ಲ. ಗಾಳಿಗಾಲದಲ್ಲಿ ಹಗರಿ ಹೊಳೆಯ ಮರಳು ಎದ್ದು ಕಣೇಕಲ್, ಬೊಮ್ಮನಹಾಳ್ ಕಡೆಯ ಹೊಲಗಳನ್ನೇ ಮುಚ್ಚುತ್ತದೆ. ಓಬಳಾಪುರದ ಅದಿರು ಲಾರಿಗಳ ಕೆಂಪು ದೂಳನ್ನೂ ಜನ ಮರೆತಿಲ್ಲ. ಕಣ್ಣಿಗೆ ಬೀಳುವ ಮರಳು ಬಹುಪಾಲು ಮೂಗು, ಗಂಟಲಲ್ಲೇ ನಿಲ್ಲುತ್ತದೆ. ನಾನು ಹೆಚ್ಚು ಹೆದರುವುದು ಅಡುಗೆಮನೆಯ ಹೊಗೆಗೆ.

ಕಿಟಕಿಯಿಲ್ಲದ ಕೋಣೆ, ಮೂಲೆಯಲ್ಲಿ ಒಲೆ, ಅದರೊಳಗೆ ಸರಿಯಾಗಿ ಒಣಗದ ಬಳ್ಳಾರಿ ಜಾಲಿ. ಮನೆಯಾಕೆ ಊದುಗೊಳವೆ ಹಿಡಿದು ಬಗ್ಗಿದ್ದಾಳೆ. ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಇದೆ, ಆದರೆ ಅದು ಚಹಾಕ್ಕೆ ಮಾತ್ರ. ಮುದ್ದೆಗೂ ಸ್ನಾನದ ನೀರಿಗೂ ಸೌದೆಯೇ. ಬೆಚ್ಚಗಿರುತ್ತದೆಂದು ಕಾಲು ಊದಿದ ಯಜಮಾನ ಅಲ್ಲೇ ಗೋಡೆಗೊರಗಿ ಕೂತಿರುತ್ತಾನೆ. ಕಿಡ್ನಿ ಸೋತವರಲ್ಲಿ ರಕ್ತ ಉತ್ಪತ್ತಿಗೆ ಬೇಕಾದ ಎರಿತ್ರೋಪೊಯೆಟಿನ್ ಹಾರ್ಮೋನ್ ಕಡಿಮೆಯಾಗಿ ಹಿಮೋಗ್ಲೋಬಿನ್ ಇಳಿದಿರುತ್ತದೆ. ಸೌದೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಉಳಿದ ಹಿಮೋಗ್ಲೋಬಿನ್ನಿಗೂ ಅಂಟಿಕೊಂಡು, ಆಮ್ಲಜನಕ ಕೂರಬೇಕಾದ ಜಾಗವನ್ನು ಹಿಡಿಯುತ್ತದೆ. ಇಂಥ ರೋಗಿಗಳ ಜೀವ ತೆಗೆಯುವುದರಲ್ಲಿ ಹೃದಯದ ಕಾಯಿಲೆಯೇ ಮುಂದು. ಹಾಗಾಗಿ ಆ ಮೂಲೆಯಿಂದ ಅವನನ್ನು ಎಬ್ಬಿಸುವುದೂ ಚಿಕಿತ್ಸೆಯ ಭಾಗವೇ.

ಇನ್ನು ಕಲ್ಲು ಕ್ವಾರಿ, ಕ್ರಷರ್ ಕೆಲಸದವರು. ಕಲ್ಲಿನ ದೂಳಿನ ಸಿಲಿಕಾದಿಂದ ಶ್ವಾಸಕೋಶ ಕೆಡುವುದು ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಅದನ್ನು ಉಸಿರಾಡಿದವರಲ್ಲಿ ಕಿಡ್ನಿ ಕಾಯಿಲೆಯೂ ಹೆಚ್ಚು ಕಂಡಿದೆ. ಮುಖಕ್ಕೆ ಕಟ್ಟುವ ಟವೆಲ್ ಈ ಕಣಗಳನ್ನು ತಡೆಯದು. ಬೇಕಿರುವುದು ನೀರು ಹಾಯಿಸಿಕೊಂಡು ಕೊರೆಯುವ ಯಂತ್ರ, ಮುಖಕ್ಕೆ ಬಿಗಿಯಾಗಿ ಕೂರುವ ಎನ್‌95 ಮಾಸ್ಕ್. ಇವನ್ನು ಒದಗಿಸುವುದು ಮಾಲೀಕರ ಹೊಣೆ. ಮೈಕೈ ನೋವಿಗೆ ದಿನಾ ನುಂಗುವ ನೋವಿನ ಮಾತ್ರೆಯೂ ಕಿಡ್ನಿಗೆ ಕೆಟ್ಟದ್ದು ಎಂಬುದನ್ನು ಇವರಿಗೆ ಯಾರಾದರೂ ಹೇಳಲೇಬೇಕು.

ಗಾಳಿಯಲ್ಲಿನ 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಅನಂತಪುರ ನಗರವಿದೆ. ಆ ಕಾರ್ಯಕ್ರಮ ಇರುವುದೇ ನಗರಗಳಿಗೆ. ಹಳ್ಳಿಯ ಒಲೆ ಅದರ ಲೆಕ್ಕಕ್ಕೆ ಬರುವುದಿಲ್ಲ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಬರೆದುಕೊಳ್ಳುವಾಗಲೇ ಇನ್ನೆರಡು ಪ್ರಶ್ನೆ ಕೇಳಲು ಖರ್ಚೇನೂ ಇಲ್ಲ: ಅಡುಗೆ ಯಾವುದರಲ್ಲಿ, ಕೆಲಸ ಎಲ್ಲಿ? ಸೌದೆ, ಕ್ವಾರಿ ಎಂಬ ಉತ್ತರ ಬಂದರೆ ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್ ಪರೀಕ್ಷೆ ಬರೆಯಲಿ. ರೊಳ್ಳ, ಅಮರಾಪುರದ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ. ಅಲ್ಲಿನ ಅಜ್ಜಿಯರನ್ನು ಆ ಮಾತಿನಲ್ಲೇ ಕೇಳಿದರೆ ಒಲೆಯ ವಿಷಯ ಪೂರ್ತಿ ಹೊರಗೆ ಬರುತ್ತದೆ.