ಎದೆ ನೋಡಿದ್ರು, ಕಾಲು ನೋಡ್ಲಿಲ್ಲ

ಟಿಬಿ ಮುಕ್ತ ಅನ್ನಿಸಿಕೊಂಡ ಪಂಚಾಯಿತಿಗೆ ಸರ್ಕಾರ ಗಾಂಧಿ ಪ್ರತಿಮೆ ಕೊಡ್ತದೆ. ಮೊದಲ ವರ್ಷ ಕಂಚಿನ ಬಣ್ಣದ ಗಾಂಧಿ, ಎರಡನೇ ವರ್ಷ ಬೆಳ್ಳಿ, ಮೂರನೇ ವರ್ಷ ಚಿನ್ನ. ಇಡೀ ದೇಶದಿಂದಲೇ 2025ಕ್ಕೆ ಕ್ಷಯ ಓಡಿಸ್ತೀವಿ ಅಂದಿದ್ರು. ಗಡುವು ಮುಗೀತು, ರೋಗ ಮುಗೀಲಿಲ್ಲ. ಇಳಿದಿರೋದು ನಿಜ: ಲಕ್ಷ ಜನರಿಗೆ 2015ರಲ್ಲಿ 237 ಇದ್ದ ಹೊಸ ರೋಗಿಗಳ ಅಂದಾಜು 2024ರಲ್ಲಿ 187ಕ್ಕೆ ಬಂದಿದೆ. ಆದರೆ ಈ ಲೆಕ್ಕವೆಲ್ಲ ಕಫದ್ದು, ಎಕ್ಸ್‌ರೇದ್ದು. ರೋಗಿಯ ಕಾಲಿನ ಸುದ್ದಿ ಯಾರೂ ಎತ್ತೋದಿಲ್ಲ.

ಕ್ಷಯಕ್ಕೂ ಕಾಲಿಗೂ ಎಲ್ಲಿಯ ನಂಟು ಅಂತೀರಾ? ರೋಗ ಬಲಿತಾಗ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ಜೊತೆಗೆ ಮನುಷ್ಯ ಹಾಸಿಗೆ ಹಿಡಿದಿರ್ತಾನೆ. ಕಾಲಿನ ಒಳಗಿನ ರಕ್ತನಾಳದಲ್ಲಿ ಹೆಪ್ಪು ಕೂತುಬಿಡುತ್ತದೆ, ಡಾಕ್ಟರುಗಳು ಡಿ.ವಿ.ಟಿ. ಅಂತಾರೆ. ನೂರರಲ್ಲಿ ಬೆರಳೆಣಿಕೆ ಮಂದಿಗೆ ಬರುವಂಥದ್ದು, ಅಪರೂಪವೇ. ಬೆರಳು ಕಪ್ಪಾಗಿ ಕೊಳೆಯುವುದು ಇನ್ನೂ ಅಪರೂಪ. ಆದರೆ ಕಾಲಿನ ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ? ಅದು ಮೊದಲೇ ರೋಗ ತಿಂದ ಶ್ವಾಸಕೋಶ. ಪ್ರಾಣ ಹೋದರೆ 'ಟಿಬಿ ಬಹಳ ಬಲಿತಿತ್ತು' ಅಂದು ಎಲ್ಲರೂ ಸುಮ್ಮನಾಗಬಹುದು.

ಕಾಲು ಊದಿತು ಅಂದ್ರೆ ನಮ್ಮಲ್ಲಿ ಏನ್ಮಾಡ್ತಾರೆ? 'ರಕ್ತ ಇಲ್ಲ, ನೀರು ತುಂಬಿದೆ' ಅಂತ ಎಣ್ಣೆ ಹಚ್ಚಿ ನೀವ್ತಾರೆ. ನೀವಲೇಬಾರದು ಸ್ವಾಮಿ! ನಿಶ್ಶಕ್ತಿಯಿಂದ ಬರುವ ಬಾವು ಸಾಮಾನ್ಯವಾಗಿ ಎರಡೂ ಕಾಲಿಗೆ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯ್ತಿದ್ದರೆ ಅವತ್ತೇ ಡಾಪ್ಲರ್ ಸ್ಕ್ಯಾನ್ ಆಗಬೇಕು. ಉಸಿರೂ ಕಟ್ಟಿದರೆ ಗಂಟೆಯೂ ಕಾಯುವಂತಿಲ್ಲ.

ಹೆಪ್ಪು ಸಿಕ್ಕ ಮೇಲೂ ಗಂಟು ಬಿಡೋದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಅದೇ ಮೂತ್ರ ಕೆಂಪಗೆ ಮಾಡುವ ಔಷಧಿ, ಲಿವರನ್ನು ಚುರುಕು ಮಾಡಿ ಹೆಪ್ಪು ತಡೆಯುವ ವಾರ್ಫರಿನನ್ನು ಬೇಗ ಬೇಗ ಕರಗಿಸಿಬಿಡುತ್ತದೆ. ಒಂದು ಮಾತ್ರೆ ಕಟ್ಟಿದ್ದನ್ನು ಇನ್ನೊಂದು ಬಿಚ್ಚಿದ ಹಾಗೆ. ಹೊಸ ಕಾಲದ ರಿವರಾಕ್ಸಬಾನಿಗೂ ಇದೇ ಗತಿ. ಹಾಗಂತ ಟಿಬಿ ಮಾತ್ರೆ ನಿಲ್ಲಿಸೋ ಹಾಗಿಲ್ಲ. ವಾರ್ಫರಿನ್ ಪ್ರಮಾಣ ಏರಿಸಬೇಕು, ಐ.ಎನ್.ಆರ್. ಅನ್ನೋ ರಕ್ತಪರೀಕ್ಷೆ ಮತ್ತೆ ಮತ್ತೆ ಮಾಡಬೇಕು. ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಎಷ್ಟು ಸಲ ಬಂದಾನು? ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ಮಾಡಿದ್ದಾರೆ. ಅದು ಮೊಟ್ಟೆಗೋ, ಬಸ್ಸಿಗೋ?

ಟಿಬಿ ಕೋರ್ಸು ಮುಗಿದ ದಿನ ಇನ್ನೊಂದು ಅಪಾಯ. ರಿಫಾಂಪಿಸಿನ್ ನಿಲ್ಲುತ್ತದೆ, ಏರಿಸಿದ ವಾರ್ಫರಿನ್ ಹಾಗೇ ಮುಂದುವರಿದರೆ ಕೆಲವೇ ವಾರದಲ್ಲಿ ರಕ್ತಸ್ರಾವ. ಟಿಬಿ ಕಾರ್ಡಿನಲ್ಲಿ 'ಚಿಕಿತ್ಸೆ ಮುಗಿದಿದೆ' ಅಂತ ಬರೆಯುವವರು, ಅವನ ಜೇಬಿನಲ್ಲಿರುವ ಇನ್ನೊಂದು ಚೀಟಿಯನ್ನೂ ಅವತ್ತೇ ಕೇಳಿ ನೋಡಬೇಕು.