ಗೇಟಿನ ಈಚೆಗೆ ಒಂದು ಫೋಟೊ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಅಂಬೇಡ್ಕರ್ ಬೀದಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಕಾಣಿಸಿಕೊಳ್ಳುತ್ತವೆ. ಮುಂದಿನ ಗಾಜಿಗೆ ಶಾಲೆಯ ಬ್ಯಾನರು, ಒಳಗೆ ಬೆಳಗಿನ ಪುಳಿಯೋಗರೆಯ ಘಮ. ಮಕ್ಕಳು ಇಬ್ಬಿಬ್ಬರಾಗಿ ಕೈಹಿಡಿದು ಇಳಿದು ವಿಧಾನಸೌಧದ ಬೇಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಮೇಷ್ಟ್ರು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಕಟ್ಟಿಸಿದವರು ಕೆಂಗಲ್ ಹನುಮಂತಯ್ಯ, ಮುಗಿದದ್ದು 1956ರಲ್ಲಿ ಎಂದು ಹೇಳುವಷ್ಟರಲ್ಲಿ ಬಸ್ಸು ತೆಗೆಯಿರಿ ಎಂದು ಪೊಲೀಸರು ಅವಸರ ಮಾಡುತ್ತಾರೆ. ಮುಂದೆ ಲಾಲ್‌ಬಾಗು.

ಒಂದೇ ದಿನದಲ್ಲಿ ಐದಾರು ಜಾಗ ಸುತ್ತಿಸಿ, ಯಾವ ಮಗುವೂ ತಪ್ಪಿಸಿಕೊಳ್ಳದಂತೆ ತಲೆ ಎಣಿಸಿಕೊಂಡು ಊರು ಸೇರಬೇಕಾದ ಮೇಷ್ಟ್ರನ್ನು ಇದಕ್ಕಾಗಿ ದೂರಲಾಗದು. ಆದರೂ ಕೇಳಬೇಕು: ಆಳ್ವಿಕೆ ನಡೆದ, ನಡೆಯುತ್ತಿರುವ ಜಾಗಕ್ಕೆ ಒಂಬತ್ತು ಹತ್ತು ವರ್ಷದ ಮಕ್ಕಳನ್ನು ಕರೆದೊಯ್ಯುವುದು ಯಾತಕ್ಕೆ? ಬೆರಗಾಗಲಿ ಅಂತಲೇ ಆದರೆ ಜೋಗವಿದೆ, ಬೇಲೂರಿದೆ. ಸರ್ಕಾರದ ಕಟ್ಟಡದಲ್ಲಿ ಮಗುವಿಗೆ ಕಾಣಬೇಕಾದದ್ದು ಅಲ್ಲಿನ ಕೆಲಸ. ಗುಮ್ಮಟ, ಕಂಬ, ಕೆತ್ತನೆಗಳು ಆಮೇಲೆ.

ಅಷ್ಟು ಚಿಕ್ಕವರಿಗೆ ಅದೆಲ್ಲ ಎಲ್ಲಿ ಅರ್ಥವಾಗಬೇಕು ಎನ್ನುವವರಿದ್ದಾರೆ. ಅವರು ಯಾವುದಾದರೂ ಹಳ್ಳಿ ಶಾಲೆಯ ಗೋಡೆಯನ್ನೊಮ್ಮೆ ನೋಡಬೇಕು. ಅಲ್ಲಿ ಶಾಲಾ ಸಂಸತ್ತಿನ ಪಟ್ಟಿ ತೂಗುತ್ತಿರುತ್ತದೆ: ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ನೀರಾವರಿ ಮಂತ್ರಿ. ಜೂನ್ ಜುಲೈನಲ್ಲಿ ಚೀಟಿ ಹಾಕಿ ಆರಿಸಿದವರು. ಟ್ಯಾಂಕಿನ ನೀರು ಖಾಲಿಯಾದರೆ ಯಾರನ್ನು ಕೇಳಬೇಕೆಂದು ಆ ಮಕ್ಕಳಿಗೆ ಗೊತ್ತು, ಮಂತ್ರಿಯಾದವನು ನೀರು ಬಿಡದೆ ಆಟಕ್ಕೆ ಹೋದರೆ ಬೈಯಲೂ ಗೊತ್ತು. ಈ ನೀರಾವರಿ ಮಂತ್ರಿಗೆ ವಿಧಾನಸೌಧ ಅರ್ಥವಾಗುವುದಿಲ್ಲ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ.

ಸರ್ಕಾರ ಮಕ್ಕಳಿಗೆ ದೂರದ ವಿಷಯವೂ ಅಲ್ಲ. ದೊಡ್ಡವರಿಗಿಂತ ಅವರಿಗೇ ಅದರ ಒಡನಾಟ ಹೆಚ್ಚು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲನ್ನು ಕುಡಿಯುವವರು ಅವರು. ಅಕ್ಷರ ದಾಸೋಹದ ಊಟ, ಸಮವಸ್ತ್ರ, ಪಠ್ಯಪುಸ್ತಕ ಎಲ್ಲವೂ ಸರ್ಕಾರದವು. ಆ ಹಾಲಿನ ದುಡ್ಡು ಪ್ರತಿವರ್ಷ ಬಜೆಟ್ಟಿನೊಳಗೆ ಸೇರಿ, ಸದನದ ಒಪ್ಪಿಗೆ ಪಡೆದು, ಜಿಲ್ಲೆ, ತಾಲ್ಲೂಕು ದಾಟಿ ಶಾಲೆಯ ಅಡುಗೆಮನೆಗೆ ಬರುತ್ತದೆ. 224 ಶಾಸಕರು ಕೂರುವ ಆ ಸಭಾಂಗಣದ ಗ್ಯಾಲರಿಯಲ್ಲಿ ಮಕ್ಕಳನ್ನು ಕೂರಿಸಿ, ‘ನಮ್ಮ ಊರಿನ ಎಮ್ಮೆಲ್ಲೆ ಕೂರುವುದು ಅಗೋ ಅಲ್ಲಿ, ನಿಮ್ಮ ಹಾಲಿಗೆ ಒಪ್ಪಿಗೆ ಸಿಕ್ಕಿದ್ದು ಇಲ್ಲೇ’ ಎಂದರೆ ಸಾಕು. ಕುರ್ಚಿ ಖಾಲಿಯಿದ್ದರೆ ಯಾಕೆ ಖಾಲಿ ಎಂದು ಯಾವನಾದರೂ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆಗೆ ಮೇಷ್ಟ್ರು ಮುಜುಗರಪಡಬೇಕಾದ್ದೇನೂ ಇಲ್ಲ. ಮುಜುಗರ ಪಡಬೇಕಾದವರು ಬೇರೆ ಇದ್ದಾರೆ.

ಬೆಂಗಳೂರಿಗೆ ಇನ್ನೊಂದು ಅನುಕೂಲವಿದೆ. ಮೂರ್ನಾಲ್ಕು ಕಿಲೋಮೀಟರಿನೊಳಗೆ ಇಲ್ಲಿ ಮೂರು ಕಾಲದ ಆಡಳಿತ ಸ್ಥಾನಗಳು ಸಿಗುತ್ತವೆ. ಕೆ.ಆರ್. ಮಾರ್ಕೆಟ್ಟಿನ ಹತ್ತಿರದ ಮರದ ಅರಮನೆಯನ್ನು ಹೈದರಾಲಿ 1781ರಲ್ಲಿ ಆರಂಭಿಸಿದ, ಟಿಪ್ಪು 1791ರಲ್ಲಿ ಮುಗಿಸಿದ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದ ಶಿಕ್ಷಕರು ಈಗೀಗ ಬಾಯಿ ಬಿಡಲು ಹೆದರುತ್ತಾರೆ. ಟಿಪ್ಪುವನ್ನು ಹೊಗಳಿದರೂ ಕಷ್ಟ, ತೆಗಳಿದರೂ ಕಷ್ಟ. ದೊಡ್ಡವರ ಜಗಳ ಅದು. ಮಕ್ಕಳಿಗೆ ಮೊದಲು ತೋರಿಸಬಹುದಾದದ್ದು ಅಲ್ಲಿನ ಮೇಲಂತಸ್ತಿನ ಉಪ್ಪರಿಗೆ. ದರ್ಬಾರು ನಡೆಸುವ ದೊರೆ ಮೇಲೆ, ಉಳಿದವರು ಕೆಳಗೆ. ಕೆಳಗಿನ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ರಾಜಾಳ್ವಿಕೆಯ ಅರ್ಧ ಪಾಠ ಕತ್ತಿಗೇ ತಿಳಿಯುತ್ತದೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಅವರ ಕಚೇರಿಗಳು ಇದೇ ಅರಮನೆಯಲ್ಲಿ ನಡೆದವು. ಕಡತಗಳು ಬೆಳೆದು ಜಾಗ ಸಾಲದೆ 1868ರಲ್ಲಿ ಕಬ್ಬನ್ ಪಾರ್ಕಿನ ಅಂಚಿನ ಕೆಂಪು ಕಟ್ಟಡಕ್ಕೆ ಹೋದವು. ಹದಿನೆಂಟು ಇಲಾಖೆಗಳಿದ್ದದ್ದರಿಂದ ಅದು ಅಠಾರಾ ಕಚೇರಿ. ಒಬ್ಬ ದೊರೆಯ ಜಾಗದಲ್ಲಿ ಹದಿನೆಂಟು ಮೇಜುಗಳು ಬಂದು ಕೂತದ್ದನ್ನು ನಾನು ಕಿರೀಟ, ಖಡ್ಗಗಳಿಗಿಂತ ದೊಡ್ಡ ಬದಲಾವಣೆ ಎಂದುಕೊಂಡಿದ್ದೇನೆ. ಇವತ್ತು ಅದೇ ಕಟ್ಟಡ ಹೈಕೋರ್ಟು. ಎದುರಿಗೇ ವಿಧಾನಸೌಧ. ಈ ಬದಿಯಲ್ಲಿ ಮಾಡಿದ ಕಾನೂನನ್ನು ರಸ್ತೆ ದಾಟಿ ಆ ಬದಿಯಲ್ಲಿ ಪ್ರಶ್ನಿಸಬಹುದು ಎಂಬುದನ್ನು ನಾಲ್ಕನೇ ಕ್ಲಾಸಿನ ಮಗುವಿಗೆ ಬೆರಳು ತೋರಿಸಿಯೇ ಹೇಳಬಹುದು. 1980ರ ದಶಕದಲ್ಲಿ ಅಠಾರಾ ಕಚೇರಿಯನ್ನು ಕೆಡವುವ ಮಾತು ಎದ್ದಾಗ ಅದನ್ನು ಉಳಿಸಿಕೊಳ್ಳಲು ನಾಗರಿಕರು ನ್ಯಾಯಾಲಯಕ್ಕೇ ಹೋದರು. ಇಂಥ ಕಥೆ ಮಕ್ಕಳಿಗೆ ಯಾವ ಯುದ್ಧದ ಕಥೆಗೂ ಕಡಿಮೆಯಾಗಿ ಕೇಳಿಸುವುದಿಲ್ಲ.

ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ನೌಕರರು ಶ್ರದ್ಧೆಯಿಂದ ದುಡಿಯಲಿ ಎಂಬುದು ಅದರ ಆಶಯ. ಆದರೆ ಹೊರಗೆ ನಿಂತು ಓದುವವನಿಗೆ ಅದು ಬೇರೆಯೇ ಆಗಿ ಕೇಳಿಸುತ್ತದೆ. ದೇವರ ಮುಂದೆ ನಾವು ಕೈಮುಗಿದು ಸುಮ್ಮನಾಗುತ್ತೇವೆ. ಸರ್ಕಾರಕ್ಕಾದರೆ ಅರ್ಜಿ ಕೊಡಬೇಕು, ಸ್ವೀಕೃತಿ ಪಡೆಯಬೇಕು, ತಿಂಗಳು ಕಳೆದ ಮೇಲೆ ಮತ್ತೆ ಹೋಗಿ ಕೇಳಬೇಕು. ಈ ಕಟ್ಟಡದ ಖರ್ಚಿನ ಬಗ್ಗೆಯೂ ಆ ಕಾಲದಲ್ಲೇ ಗದ್ದಲವೆದ್ದಿತ್ತು. ಅದನ್ನೂ ಮಕ್ಕಳಿಗೆ ಹೇಳಬಹುದು. ಹೇಳಿದರೆ ಹನುಮಂತಯ್ಯನವರು ಚಿಕ್ಕವರಾಗುವುದಿಲ್ಲ.

2025ರಲ್ಲಿ ವಿಧಾನಸೌಧದೊಳಗೆ ಸಾರ್ವಜನಿಕರನ್ನು ಕರೆದೊಯ್ಯುವ ವ್ಯವಸ್ಥೆ ಆರಂಭವಾದದ್ದು ಸಂತೋಷದ ಸಂಗತಿ. ತೊಡಕೆಂದರೆ ಅದು ಭಾನುವಾರ ಮತ್ತು ರಜೆಯ ಶನಿವಾರಗಳಂದು. ಕೆಲಸ ನಡೆಯದ ದಿನವೇ ಕೆಲಸದ ಜಾಗ ನೋಡಿದರೆ ಮಕ್ಕಳಿಗೆ ಸಿಗುವುದು ಮತ್ತೆ ಕಂಬಗಳೇ. ಸೋಮವಾರ ಬರಲಿ. ಟಪಾಲು ವಿಭಾಗದಲ್ಲಿ ಒಂದು ಕಾಗದ ಹೇಗೆ ನಂಬರು ಹಾಕಿಸಿಕೊಂಡು ಒಳಗೆ ಹೋಗುತ್ತದೆ ಎಂಬುದನ್ನು ಒಬ್ಬ ಗುಮಾಸ್ತರು ಅರ್ಧ ಗಂಟೆ ತೋರಿಸಲಿ. ಭದ್ರತೆಯ ಮಾತು ಬಂದೀತು. ನಲವತ್ತು ಮಕ್ಕಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರು ಮೊದಲೇ ಕಳಿಸಿದರೆ ಅದು ಬಗೆಹರಿಯದ ಸಮಸ್ಯೆಯೇನಲ್ಲ.

ಬೀದರಿನ ಮಕ್ಕಳು ಇದಕ್ಕಾಗಿ ಇಡೀ ರಾಜ್ಯ ದಾಟಿ ಬರಬೇಕಾಗಿಯೂ ಇಲ್ಲ. ಆಳ್ವಿಕೆಯ ಹಳೆಯ ಜಾಗಗಳು ಎಲ್ಲ ಜಿಲ್ಲೆಗಳಲ್ಲೂ ಇವೆ. ಮಡಿಕೇರಿಯಲ್ಲಿ ಕೊಡಗಿನ ಅರಸರು ಕೋಟೆಯೊಳಗೆ ಕಟ್ಟಿಸಿದ ಅರಮನೆಯಲ್ಲೇ ದಶಕಗಳ ಕಾಲ ಸರ್ಕಾರಿ ಕಚೇರಿಗಳು ನಡೆದವು. ಅರಸನ ಕೋಣೆಯಲ್ಲಿ ಪಹಣಿ, ಪಿಂಚಣಿಯ ಕಡತಗಳು ಹೇಗೆ ಬಂದು ಕೂತವು ಎಂದು ಕೇಳಲು ಅಲ್ಲಿನ ಮಕ್ಕಳಿಗೆ ಬಸ್ಸೂ ಬೇಡ, ಡಿಸೆಂಬರೂ ಬೇಡ. ಮಧ್ಯಾಹ್ನದ ಊಟವಾದ ಮೇಲೆ ಸಾಲಾಗಿ ನಡೆದು ಹೋಗಿ ಬರಬಹುದು.