ಪೆಟ್ರಾ ಕೆಲ್ಲಿ ಮತ್ತು ಚಳವಳಿಯ ಮರೆವು

1983ರ ಮಾರ್ಚ್ 29ರಂದು ಅಂದಿನ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್ ನಗರದಲ್ಲಿ ಒಂದು ಅಪರೂಪದ ಮೆರವಣಿಗೆ ಸಂಸತ್ ಭವನದತ್ತ ನಡೆಯಿತು. ಹೊಸದಾಗಿ ಆಯ್ಕೆಯಾದ ಗ್ರೀನ್ ಪಕ್ಷದ ಸದಸ್ಯರ ಕೈಯಲ್ಲಿ ಹೂಕುಂಡಗಳಿದ್ದವು. ಆಮ್ಲಮಳೆಗೆ ತುತ್ತಾಗಿ ಒಣಗಿದ ಸೂಚಿಪರ್ಣಿ ಮರದ ಕೊಂಬೆಯೂ ಇತ್ತು. ಶೇ. 5.6 ಮತ ಗಳಿಸಿ ಮೊದಲ ಬಾರಿಗೆ ಸಂಸತ್ತನ್ನು ಪ್ರವೇಶಿಸಿದ ಆ ಗುಂಪಿನಲ್ಲಿ ಜಗತ್ತು ಗುರುತು ಹಿಡಿಯುತ್ತಿದ್ದ ಮುಖ ಒಂದೇ, 35ರ ಹರೆಯದ ಪೆಟ್ರಾ ಕೆಲ್ಲಿಯವರದು.

ಅವರು ಹುಟ್ಟಿದ್ದು 1947ರ ನವೆಂಬರ್ 29ರಂದು, ಬವೇರಿಯಾದ ಗುಂಟ್ಸ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಸಂಸಾರವನ್ನು ತೊರೆದುಹೋದ ಮೇಲೆ ಬಾಲಕಿಯನ್ನು ಬೆಳೆಸಿದ್ದು ಹೆಚ್ಚಾಗಿ ಅಜ್ಜಿ. ತಾಯಿ ಅಮೆರಿಕದ ಸೇನಾಧಿಕಾರಿಯೊಬ್ಬರನ್ನು ಮರುಮದುವೆಯಾದರು. ಕುಟುಂಬ ಅಮೆರಿಕಕ್ಕೆ ಹೋಯಿತು. ಮಾರ್ಟಿನ್ ಲೂಥರ್ ಕಿಂಗರ ನಾಗರಿಕ ಹಕ್ಕುಗಳ ಹೋರಾಟ ನಡೆಯುತ್ತಿದ್ದ ಕಾಲವದು. ಅಹಿಂಸೆಯ ಪಾಠ ಕೆಲ್ಲಿಯವರಿಗೆ ದೊರೆತದ್ದು ಅಲ್ಲಿಯೇ. 1970ರಲ್ಲಿ ಹತ್ತು ವರ್ಷದ ತಂಗಿ ಗ್ರೇಸ್ ಕ್ಯಾನ್ಸರಿನಿಂದ ತೀರಿಕೊಂಡಳು. ಆ ದುಃಖ ಅವರನ್ನು ಮಕ್ಕಳ ಕ್ಯಾನ್ಸರಿನ ಕಡೆಗೂ, ಬಳಿಕ ವಿಕಿರಣದ ಪ್ರಶ್ನೆಯ ಕಡೆಗೂ ಒಯ್ದಿತು. ಒಂದು ಮಗುವಿನ ಸಾವು ವೈಜ್ಞಾನಿಕ ಪುರಾವೆಯಾಗದು, ನಿಜ; ಆದರೆ ಪುರಾವೆ ಕೇಳುವ ಛಲವನ್ನು ಹುಟ್ಟಿಸಬಲ್ಲದು.

ಬ್ರಸೆಲ್ಸ್‌ನಲ್ಲಿ ಯೂರೋಪಿಯನ್ ಸಮುದಾಯದ ಕಚೇರಿಯಲ್ಲಿ ಉದ್ಯೋಗದಲ್ಲಿದ್ದಾಗಲೇ ಅವರನ್ನು ಸೆಳೆದದ್ದು ವೀಲ್ ಎಂಬ ಹಳ್ಳಿ. ರೈನ್ ನದಿಯ ದಂಡೆಯ ಈ ಹಳ್ಳಿಯ ಸುತ್ತ ದ್ರಾಕ್ಷಿ ಬೆಳೆಗಾರರದೇ ಊರುಗಳು. ಅಲ್ಲಿ ಅಣುಸ್ಥಾವರ ಕಟ್ಟಲು ಸರ್ಕಾರ ಹೊರಟಾಗ ರೈತರು ಮೊದಲು ಕೇಳಿದ್ದು ಬಾಂಬಿನ ಮಾತನ್ನಲ್ಲ, ಮಂಜಿನ ಮಾತನ್ನು. ತಂಪುಗೋಪುರಗಳಿಂದೇಳುವ ಹಬೆ ಬಿಸಿಲನ್ನು ಮರೆಮಾಡಿದರೆ ದ್ರಾಕ್ಷಿ ಹಣ್ಣಾಗುವುದು ಹೇಗೆ, ತೇವ ನಿಂತರೆ ಬಳ್ಳಿಯ ಗತಿಯೇನು? ಅಡಿಕೆಯ ಕೊಳೆರೋಗವನ್ನು ಕಂಡವರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. 1975ರ ಫೆಬ್ರವರಿ 18ರಂದು ಜನ ಆ ಜಾಗವನ್ನು ಆಕ್ರಮಿಸಿ ಕುಳಿತರು. ಎರಡು ದಿನಗಳಲ್ಲಿ ಪೊಲೀಸರು ಎಬ್ಬಿಸಿದರು. ಫೆಬ್ರವರಿ 23ರಂದು ಹತ್ತಾರು ಸಾವಿರ ಮಂದಿ ಮರಳಿ ಬಂದರು, ತಿಂಗಳುಗಟ್ಟಲೆ ಕದಲಲಿಲ್ಲ. ಆ ವರ್ಷ ಕೆಲ್ಲಿ ಅಲ್ಲಿಗೆ ಬಂದು ಮಾತನಾಡಿದರು. ಕಚೇರಿಯ ಕಡತಗಳಲ್ಲಿ ಕಾಣದ ರಾಜಕೀಯ ಶಕ್ತಿಯೊಂದನ್ನು ಅವರು ಕಂಡದ್ದು ಈ ಕೃಷಿಕರ ನಡುವೆ. ವೀಲ್‌ನಲ್ಲಿ ಸ್ಥಾವರ ಏಳಲೇ ಇಲ್ಲ.

1979ರಲ್ಲಿ, ಚಾನ್ಸಲರ್ ಹೆಲ್ಮುಟ್ ಸ್ಮಿತ್ ಅವರ ಅಣುನೀತಿಯನ್ನು ಖಂಡಿಸಿ ಪತ್ರ ಬರೆದು ಅವರು ಸೋಷಿಯಲ್ ಡೆಮಾಕ್ರಟಿಕ್ ಪಕ್ಷವನ್ನು ಬಿಟ್ಟರು. ಮರುವರ್ಷ ಕಾರ್ಲ್ಸ್‌ರೂಹೆಯಲ್ಲಿ ಗ್ರೀನ್ ಪಕ್ಷ ಸ್ಥಾಪನೆಯಾಯಿತು. ಅದನ್ನು ಕೆಲ್ಲಿ ‘ಪಕ್ಷವಿರೋಧಿ ಪಕ್ಷ’ ಎಂದು ಕರೆದರು. ಶಾಂತಿಯ ವಿಷಯದಲ್ಲಿ ಅವರ ನಿಲುವು ಏಕಪಕ್ಷೀಯವಾಗಿರಲಿಲ್ಲ. ಅಮೆರಿಕದ ಕ್ಷಿಪಣಿಗಳನ್ನು ವಿರೋಧಿಸಿದ ಅವರೇ 1983ರ ಮೇ ತಿಂಗಳಲ್ಲಿ ಪೂರ್ವ ಬರ್ಲಿನ್ನಿನ ಚೌಕದಲ್ಲಿ ಬ್ಯಾನರ್ ಹಿಡಿದು ನಿಂತು ಬಂಧನಕ್ಕೊಳಗಾದರು.

ಅಧಿಕಾರ ಯಾರ ಕೈಯಲ್ಲೂ ಜಡ್ಡುಗಟ್ಟಬಾರದೆಂದು ಗ್ರೀನ್ ಪಕ್ಷ ಒಂದು ನಿಯಮ ಮಾಡಿಕೊಂಡಿತ್ತು: ಸದಸ್ಯರು ಎರಡು ವರ್ಷಗಳ ನಂತರ ಸ್ಥಾನ ತೆರವು ಮಾಡಿ ಇನ್ನೊಬ್ಬರಿಗೆ ಕೊಡಬೇಕು. 1985ರಲ್ಲಿ ಸರದಿ ಬಂದಾಗ ಕೆಲ್ಲಿ ಒಪ್ಪಲಿಲ್ಲ. ನಿಯಮದ ಉದ್ದೇಶ ಒಳ್ಳೆಯದೇ. ಜಗತ್ತಿನ ಅನೇಕ ಚಳವಳಿಗಳು ಒಬ್ಬ ನಾಯಕನ ಆಸ್ತಿಯಾಗಿ ಕೊನೆಗೊಂಡಿವೆ. ಆದರೆ ಸಂಸತ್ತಿನ ಕೆಲಸ ಕಲಿಯಲು ಎರಡು ವರ್ಷ ಸಾಲದೆಂಬ ವಾದದಲ್ಲಿಯೂ ಹುರುಳಿತ್ತು. ಇತರರೊಡನೆ ಹೊಂದಿಕೊಂಡು ದುಡಿಯುವುದು ಕೆಲ್ಲಿಯವರಿಗೆ ಕಷ್ಟವಾಗಿತ್ತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಅವರ ಹೆಸರಿನಿಂದ ಬೆಳೆದ ಪಕ್ಷ ಅವರ ಹೆಸರನ್ನೇ ಸಂಶಯದಿಂದ ನೋಡತೊಡಗಿತು. 1990ರ ಚುನಾವಣೆಯಲ್ಲಿ ಪಶ್ಚಿಮದ ಗ್ರೀನ್ ಪಕ್ಷ ಶೇ. 5ರ ಗೆರೆ ದಾಟದೆ ಸಂಸತ್ತಿನಿಂದ ಹೊರಬಿತ್ತು. ಮರುವರ್ಷ ಪಕ್ಷದ ವಕ್ತಾರ ಸ್ಥಾನಕ್ಕೆ ನಿಂತ ಕೆಲ್ಲಿ ಸೋತರು. ವರ್ಷಗಳ ಕಾಲ ದಿನವಿಡೀ ಫೋನು ಮೊಳಗುತ್ತಿದ್ದ ಮನೆ ಮೌನವಾಯಿತು.

1992ರ ಅಕ್ಟೋಬರ್ 19ರಂದು ಬಾನ್‌ನ ಆ ಮನೆಯ ಬಾಗಿಲು ತೆರೆದಾಗ ಎರಡು ಶವಗಳಿದ್ದವು. ಜೊತೆಗಾರ ಗೆರ್ಟ್ ಬಾಸ್ಟಿಯನ್, ಸೇನೆ ಬಿಟ್ಟು ಶಾಂತಿ ಚಳವಳಿಗೆ ಬಂದ ಮಾಜಿ ಜನರಲ್, ನಿದ್ರಿಸುತ್ತಿದ್ದ ಕೆಲ್ಲಿಯವರನ್ನು ಗುಂಡಿಟ್ಟು ಕೊಂದು ತಾನೂ ಗುಂಡು ಹಾರಿಸಿಕೊಂಡಿದ್ದರು. ಇದು ನಡೆದದ್ದು ಬಹುಶಃ ಅಕ್ಟೋಬರ್ 1ರಂದು. ಹದಿನೆಂಟು ದಿನ ಯಾರೂ ಬಂದು ಬಾಗಿಲು ತೆರೆಸಿರಲಿಲ್ಲ. ಲಕ್ಷಾಂತರ ಜನರ ಸಭೆಗಳಲ್ಲಿ ಮಾತನಾಡಿದ್ದ ಮಹಿಳೆ ಕಾಣುತ್ತಿಲ್ಲವೆಂಬುದು ಒಂದು ಇಡೀ ಚಳವಳಿಯ ಗಮನಕ್ಕೆ ಬರಲಿಲ್ಲ.

ಆಗ ಹಲವರು ಇದನ್ನು ‘ಜೋಡಿ ಆತ್ಮಹತ್ಯೆ’ ಎಂದರು. ಕೆಲ್ಲಿ ಸಾಯಲು ಒಪ್ಪಿದ್ದರೆಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ಮಲಗಿದ್ದವರನ್ನು ಕೊಂದದ್ದಕ್ಕೆ ಕೊಲೆ ಎಂಬ ಪದವಿದೆ. ಕೊಂದವನು ಶಾಂತಿಯ ವೇದಿಕೆಯಲ್ಲಿ ಕುಳಿತವನಾದರೂ ಆ ಪದ ಬದಲಾಗದು. ಹಿಂಸೆಯ ವಿರುದ್ಧ ಬದುಕಿಡೀ ನಿಂತವರ ಸಾವಿಗೆ ಈ ಹೆಸರನ್ನಿಡಲು ಅವರ ಒಡನಾಡಿಗಳೇ ಹಲವರು ಹಿಂಜರಿದದ್ದು ಆ ಹದಿನೆಂಟು ದಿನಗಳಷ್ಟೇ ನೋವಿನ ಸಂಗತಿ.

ಅವರ ಸಮಾಧಿ ವೂರ್ಟ್ಸ್‌ಬುರ್ಗ್‌ನಲ್ಲಿ, ತಂಗಿ ಗ್ರೇಸಳ ಬಳಿ ಇದೆ. ಜರ್ಮನಿಯ ಕೊನೆಯ ಮೂರು ಅಣುಸ್ಥಾವರಗಳು 2023ರ ಏಪ್ರಿಲ್ 15ರಂದು ನಿಂತವು. ಅವುಗಳಲ್ಲೊಂದು ಅವರು ಹುಟ್ಟಿದ ಬವೇರಿಯಾದ್ದು. ವೀಲ್‌ನಲ್ಲಿ ರೈತರು ಕುಳಿತಿದ್ದ ಆ ನದೀತೀರದ ಕಾಡು ಇಂದು ಸಂರಕ್ಷಿತ ಪ್ರದೇಶವಾಗಿದೆ.